ಮುಖದ ನೀರ್ಗುಳ್ಳೆ: ಮುಲಾಮಿಗೆ ಮೊದಲಿನ ಪ್ರಶ್ನೆಗಳು

ಬೆನ್ನಿನಲ್ಲೋ ಕಾಲಿನಲ್ಲೋ ತುರಿಕೆ ಎದ್ದರೆ ವಾರಗಟ್ಟಲೆ ಕೆರೆದುಕೊಂಡು ಓಡಾಡುವವರೂ ಮುಖದಲ್ಲಿ ನಾಲ್ಕು ಗುಳ್ಳೆ ಕಂಡರೆ ಒಂದು ದಿನ ಸುಮ್ಮನಿರಲಾರರು. ಸುತ್ತಲಿನವರೂ ಸುಮ್ಮನಿರುವುದಿಲ್ಲ. ಒಬ್ಬರು ಹುಳ ಹರಿದಿದೆ ಎನ್ನುತ್ತಾರೆ, ಒಬ್ಬರು ಸರ್ಪಸುತ್ತು ಎನ್ನುತ್ತಾರೆ, ಇನ್ನೊಬ್ಬರು ಮೈಗೆ ಉಷ್ಣವಾಗಿದೆ, ಎಳನೀರು ಕುಡಿ ಎನ್ನುತ್ತಾರೆ. ಸಂಜೆಯಷ್ಟರಲ್ಲಿ ಮೆಡಿಕಲ್ ಸ್ಟೋರಿನಿಂದ ಒಂದು ಟ್ಯೂಬು ಬಂದಿರುತ್ತದೆ, ಮಲಗುವ ಮೊದಲು ಅದನ್ನು ಬಳಿದದ್ದೂ ಆಗಿರುತ್ತದೆ. ಕೆಲವರಿಗೆ ಅದರಿಂದ ಗುಣವಾಗುತ್ತದೆ. ಕೆಲವರ ಮುಖ ವರ್ಷಗಟ್ಟಲೆ ಸರಿಹೋಗದಂತೆ ಕೆಡುವುದೂ ಅದೇ ಟ್ಯೂಬಿನಿಂದ. ಇನ್ನು ಕೆಲವರಿಗೆ, ಅಂಥವರು ಕಡಿಮೆಯೇ ಇರಬಹುದು, ಆ ಎರಡು ದಿನ ತಡವಾದದ್ದರಿಂದ ಕಣ್ಣಿಗೇ ಕುತ್ತು ಬರುತ್ತದೆ. ಹೀಗಾಗಿ ಗುಳ್ಳೆಗೆ ಹೆಸರಿಡುವ ಮೊದಲು ಅದರ ಪೂರ್ವಾಪರ ವಿಚಾರಿಸಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಎಲ್ಲಿ ಎದ್ದಿತು, ಒಂದೇ ಪಕ್ಕವೋ ಎರಡೂ ಪಕ್ಕವೋ, ತುರಿಯೋ ಉರಿಯೋ ನೋವೋ, ಕಳೆದ ಮೂರು ದಿನಗಳಲ್ಲಿ ಮುಖಕ್ಕೆ ಏನೇನು ತಾಗಿತ್ತು, ಕಳೆದ ಎರಡು ತಿಂಗಳಲ್ಲಿ ಯಾವ ಹೊಸ ಮಾತ್ರೆ ಹೊಟ್ಟೆಗೆ ಹೋಗಿದೆ. ಇಷ್ಟು ಕೇಳಿದರೆ ಅರ್ಧ ರೋಗನಿರ್ಣಯ ಮನೆಯಲ್ಲೇ ಆದಂತೆ.

ಗುಳ್ಳೆಯೊಳಗೆ ನಡೆಯುವುದೇನು ಎಂಬುದನ್ನು ಸ್ವಲ್ಪ ನೋಡೋಣ. ಚರ್ಮದ ಮೇಲ್ಪದರದ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಅಲರ್ಜಿಯಲ್ಲಿ ಅವುಗಳ ನಡುವೆ ನೀರು ಸೇರುತ್ತದೆ, ಸಂದುಗಳು ಹಿಗ್ಗಿ ಸಣ್ಣ ಸಣ್ಣ ಗುಳ್ಳೆಗಳಾಗುತ್ತವೆ. ವೈರಸ್ ಸೋಂಕಿನಲ್ಲಿ ಕೋಶಗಳೇ ಊದಿ ಸಾಯುತ್ತವೆ. ಪೆಂಫಿಗಸ್ ಎಂಬ ಕಾಯಿಲೆಯಲ್ಲಿ ಕೋಶಗಳನ್ನು ಹಿಡಿದಿಟ್ಟ ಅಂಟನ್ನೇ ದೇಹದ ಪ್ರತಿಕಾಯಗಳು ಕಳಚಿಹಾಕುತ್ತವೆ. ಹೊರಗಿನಿಂದ ನೋಡುವವರಿಗೆ ಮೂರೂ ನೀರು ತುಂಬಿದ ಗುಳ್ಳೆಗಳೇ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗುವುದು ಇದೇ ಕಾರಣಕ್ಕೆ.

ತುರಿಕೆಯೇ ಮುಂದಾಗಿ, ಗುಳ್ಳೆ ಎರಡೂ ಕೆನ್ನೆಗೆ, ರೆಪ್ಪೆಗೆ, ಕಿವಿಗೆ ಹರಡಿದ್ದರೆ ಮೊದಲ ಅನುಮಾನ ಸ್ಪರ್ಶದ ಅಲರ್ಜಿಯ ಮೇಲೆ ಹೋಗಬೇಕು. ಇದು ತಡವಾಗಿ ಏಳುವ ಅಲರ್ಜಿ. ಶೇಂಗಾ ತಿಂದ ಕೂಡಲೇ ತುಟಿ ಊದುವಂಥದ್ದು ಬೇರೆ. ಇಲ್ಲಿ ವಸ್ತು ತಾಗಿ ಒಂದೆರಡು ದಿನ, ಕೆಲವೊಮ್ಮೆ ಮೂರು ದಿನ ಕಳೆದ ಮೇಲೆ ಗುಳ್ಳೆ ಏಳುತ್ತದೆ. ಅಷ್ಟರಲ್ಲಿ ತಾಗಿದ್ದು ಮರೆತೇ ಹೋಗಿರುತ್ತದೆ, ದೂರು ನಿನ್ನೆ ರಾತ್ರಿ ತಿಂದ ಬದನೆಕಾಯಿಯ ಮೇಲೆ ಬೀಳುತ್ತದೆ. ಜನರಿಗೆ ನಂಬಲು ಕಷ್ಟವಾಗುವ ಇನ್ನೊಂದು ಸಂಗತಿಯಿದೆ: ಹತ್ತು ವರ್ಷ ಬಳಸಿದರೂ ಏನೂ ಮಾಡದ ವಸ್ತು ಹನ್ನೊಂದನೇ ವರ್ಷ ಅಲರ್ಜಿ ತರಬಹುದು. ದೇಹ ಅದನ್ನು ವೈರಿ ಎಂದು ಒಮ್ಮೆ ಗುರುತಿಸಿಕೊಂಡರೆ ಆ ನೆನಪು ಸಾಮಾನ್ಯವಾಗಿ ಬದುಕಿನುದ್ದಕ್ಕೂ ಉಳಿಯುತ್ತದೆ.

ಹೇರ್ ಡೈ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಕಪ್ಪು ಬಣ್ಣ ಕೊಡುವುದು ಪ್ಯಾರಾಫೀನೈಲೀನ್‌ಡಯಾಮೀನ್, ಚಿಕ್ಕದಾಗಿ ಪಿಪಿಡಿ. ಇದರ ಅಲರ್ಜಿಯಲ್ಲಿ ವಿಚಿತ್ರವೆಂದರೆ ಬಣ್ಣ ಹಚ್ಚಿದ ನೆತ್ತಿ ಹೆಚ್ಚುಕಡಿಮೆ ಚೆನ್ನಾಗಿಯೇ ಇರಬಹುದು. ಹಣೆಯ ಮೇಲಂಚು, ಕಿವಿ, ಕತ್ತು ಸೊನೆ ಸುರಿಸುತ್ತಿರುತ್ತವೆ, ರೆಪ್ಪೆ ಊದಿ ಕಣ್ಣು ತೆರೆಯಲಾಗದಂತಾಗುತ್ತದೆ. ಮುಖದ ಚರ್ಮ ತೆಳು, ರೆಪ್ಪೆಯದಂತೂ ಇಡೀ ಮೈಯಲ್ಲೇ ಅತಿ ತೆಳು. ಅಮೋನಿಯಾ ಇಲ್ಲ ಎಂದು ಡಬ್ಬದ ಮೇಲೆ ಬರೆದಿದ್ದರೆ ಪಿಪಿಡಿಯೂ ಇಲ್ಲವೆಂದು ತಿಳಿಯುವುದು ತಪ್ಪು. ಕಪ್ಪು ಮೆಹಂದಿ ಎಂದು ಮಾರುವ ಪುಡಿಗಳಲ್ಲೂ ಅದು ಇರುತ್ತದೆ. ಅಪ್ಪಟ ಗೋರಂಟಿ ಎಲೆ ಕೆಂಪು-ಕಿತ್ತಳೆ ಬಣ್ಣ ಕೊಡುತ್ತದೆಯೇ ಹೊರತು ಒಂದೇ ಗಂಟೆಯಲ್ಲಿ ಕಡುಗಪ್ಪು ಮಾಡುವುದಿಲ್ಲ.

ರೆಪ್ಪೆಯೊಂದೇ ಮತ್ತೆ ಮತ್ತೆ ಕೆರಳುತ್ತಿದ್ದರೆ ಉಗುರಿನ ಬಣ್ಣವನ್ನು ಸಂಶಯಿಸಬೇಕು. ಉಗುರಿನ ಸುತ್ತ ಏನೂ ಆಗದೆ, ಕೈ ತಾಗಿದ ರೆಪ್ಪೆಯಲ್ಲಿ ಮಾತ್ರ ಕಾಣಿಸಿಕೊಳ್ಳುವುದು ಅದರ ಸ್ವಭಾವ. ಹಣೆಯ ನಡುವೆ ದುಂಡಗೆ ಎದ್ದರೆ ಬಿಂದಿಯ ಅಂಟು ಅಥವಾ ಕುಂಕುಮದ ಕೃತಕ ಬಣ್ಣ, ಕಿವಿಹಾಲೆಯಲ್ಲಾದರೆ ಓಲೆಯ ನಿಕ್ಕಲ್, ಮೂಗಿನ ದಿಣ್ಣೆಯಲ್ಲಾದರೆ ಕನ್ನಡಕದ ಚೌಕಟ್ಟು. ಕ್ರೀಮು, ಶಾಂಪೂ, ಒರೆಸುವ ಒದ್ದೆ ಟಿಶ್ಯೂಗಳಲ್ಲಿ ಕೆಡದಂತೆ ಹಾಕುವ ಮಿಥೈಲ್‌ಐಸೋಥಯಾಜೋಲಿನೋನ್ ಎಷ್ಟು ಜನರನ್ನು ಕಾಡಿತೆಂದರೆ ಅಮೆರಿಕದ ಸ್ಪರ್ಶ ಅಲರ್ಜಿ ತಜ್ಞರ ಸಂಘ 2013ರಲ್ಲಿ ಅದನ್ನು ವರ್ಷದ ಅಲರ್ಜಿಕಾರಕ ಎಂದು ಸಾರಿತು.

ನಮ್ಮ ನೆಲದ ದೊಡ್ಡ ಶತ್ರು ಮಾತ್ರ ಕಾಂಗ್ರೆಸ್ ಕಳೆ, ಪಾರ್ಥೇನಿಯಂ. ಮಧ್ಯ ಅಮೆರಿಕದ ಕಡೆಯ ಈ ಗಿಡ 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು, ಮುಂದಿನ ಎರಡು ದಶಕಗಳಲ್ಲಿ ಬೆಂಗಳೂರಿನ ಖಾಲಿ ಸೈಟುಗಳಿಂದ ಹಿಡಿದು ಬಯಲುಸೀಮೆಯ ಹೊಲದ ಬದುಗಳವರೆಗೆ ಹಬ್ಬಿತು. ಇದರ ಅಲರ್ಜಿಗೆ ಗಿಡವನ್ನು ಮುಟ್ಟಬೇಕೆಂದೇ ಇಲ್ಲ. ಒಣಗಿದ ಎಲೆ, ಹೂವು, ಸಣ್ಣ ರೋಮಗಳ ಪುಡಿ ಗಾಳಿಯಲ್ಲಿ ತೇಲಿಬಂದು ಬೆವರಿದ ಮುಖಕ್ಕೆ ಅಂಟುತ್ತದೆ. ಅದರಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕವೇ ಚರ್ಮವನ್ನು ಕೆರಳಿಸುವುದು. ಹೆಚ್ಚಾಗಿ ನಡುವಯಸ್ಸು ದಾಟಿದ ರೈತರು, ಹೊರಗೆ ದುಡಿಯುವವರು ಇದಕ್ಕೆ ಸಿಕ್ಕಿಬೀಳುತ್ತಾರೆ. ಮೊದಮೊದಲು ಮಳೆಗಾಲದಲ್ಲಿ ಗಿಡ ಸೊಂಪಾಗಿ ಬೆಳೆದಾಗ ಬಂದು ಚಳಿಗಾಲಕ್ಕೆ ಹೋಗುತ್ತದೆ. ವರ್ಷಗಳು ಉರುಳಿದಂತೆ ಹೋಗುವುದನ್ನೇ ಮರೆಯುತ್ತದೆ. ಮುಖದ ಚರ್ಮ ದಪ್ಪಗಾಗಿ, ಕಪ್ಪಾಗಿ, ಹಣೆಯಲ್ಲಿ ಆಳವಾದ ಗೆರೆಗಳು ಬಿದ್ದು ಆ ಮನುಷ್ಯನ ಗುರುತೇ ಬದಲಾಗುತ್ತದೆ.

ಇದನ್ನು ಬಿಸಿಲಿನ ಅಲರ್ಜಿ ಎಂದು ತಪ್ಪು ತಿಳಿಯುವುದು ಬಹಳ. ಎರಡನ್ನೂ ಬೇರ್ಪಡಿಸುವ ಒಂದು ಸರಳ ಉಪಾಯವಿದೆ. ಬಿಸಿಲು ಮೇಲಿನ ರೆಪ್ಪೆಯ ಮಡಿಕೆಗೆ, ಕಿವಿಯ ಹಿಂದಕ್ಕೆ, ಗದ್ದದ ಕೆಳಗೆ ಅಷ್ಟಾಗಿ ತಲುಪದು, ಆ ಜಾಗಗಳು ಉಳಿದುಕೊಳ್ಳುತ್ತವೆ. ಗಾಳಿಯಲ್ಲಿ ಬರುವ ಪುಡಿಗೆ ಆ ಮಡಿಕೆಗಳೇ ಇಷ್ಟ, ಅಲ್ಲಿ ಕೂತು ಬೆವರಿನೊಡನೆ ಕರಗುತ್ತದೆ. ಕಾಂಗ್ರೆಸ್ ಕಳೆಯ ಅಲರ್ಜಿ ಇರುವವರಿಗೆ ಅದೇ ಕುಟುಂಬದ ಸೇವಂತಿಗೆಯೂ ಆಗದಿರಬಹುದು. ಹೂ ಕಟ್ಟುವವರು, ಮಾರುವವರು ಇದನ್ನು ತಿಳಿದಿರಬೇಕು. ಕಳೆಯನ್ನು ತಿನ್ನುವ ಮೆಕ್ಸಿಕನ್ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲೇ ಮೊದಲು ಬಿಟ್ಟದ್ದು. ಅದು ಮಳೆಗಾಲದಲ್ಲಿ ತಕ್ಕಮಟ್ಟಿಗೆ ಎಲೆ ಮೇಯುತ್ತದೆ, ಆದರೆ ಗಿಡ ಇಂದಿಗೂ ನಮ್ಮ ರಸ್ತೆ ಬದಿಯಲ್ಲೇ ಇದೆ. ಹೂ ಬಿಡುವ ಮೊದಲು, ಕೈಗವಸು ತೊಟ್ಟು, ಬೇರುಸಹಿತ ಕೀಳಿಸುವ ಕೆಲಸವನ್ನು ಪಂಚಾಯಿತಿಗಳು ಆರೋಗ್ಯದ ಕೆಲಸವೆಂದೇ ಎಣಿಸಬೇಕು. ಅಲರ್ಜಿ ಇರುವವರನ್ನು ಮಾತ್ರ ಆ ಕೆಲಸಕ್ಕೆ ಕಳಿಸಬಾರದು.

ಬೇಸಿಗೆಯಲ್ಲಿ ಮಕ್ಕಳ ತುಟಿಯ ಸುತ್ತ ಏಳುವ ಗುಳ್ಳೆಗೆ ಬಹಳ ಸಲ ಮಾವಿನ ಸೊನೆ ಕಾರಣ. ಹಣ್ಣಿನ ತಿರುಳಲ್ಲ, ತೊಟ್ಟಿನ ಹಾಲು ಮತ್ತು ಸಿಪ್ಪೆ. ಮಾವು, ಗೇರು, ಕರಿಗೇರು ಮೂರೂ ಒಂದೇ ಕುಟುಂಬ, ಅವುಗಳ ಸೊನೆಯಲ್ಲಿರುವ ಎಣ್ಣೆಯಂಥ ವಸ್ತುಗಳೂ ಹತ್ತಿರದ ಸಂಬಂಧಿಗಳು. ಗೇರುಬೀಜದ ಚಿಪ್ಪಿನ ಎಣ್ಣೆ ಸುಡುತ್ತದೆಂದು ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದದ್ದು ಕರಿಗೇರಿನ ರಸದಿಂದ. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿದ್ದ ಅಮೆರಿಕದ ಸೈನಿಕರ ಕತ್ತಿನಲ್ಲಿ, ಸರಿಯಾಗಿ ಆ ಗುರುತು ತಾಗುವಲ್ಲಿ, ಗುಳ್ಳೆ ಎದ್ದು ಅವರ ವೈದ್ಯರು ತಲೆಕೆಡಿಸಿಕೊಂಡಿದ್ದರು. ಅವರ ನಾಡಿನ ಪಾಯಿಸನ್ ಐವಿ ಬಳ್ಳಿಯೂ ಇದೇ ಕುಟುಂಬದ್ದು. ಇಂದು ಅಮೆರಿಕದಲ್ಲಿ ನೆಲೆಸಿ, ಹಿತ್ತಿಲು ಹಸನು ಮಾಡುವಾಗ ಮೂರೆಲೆಯ ಆ ಬಳ್ಳಿಯನ್ನು ಮುಟ್ಟಿ ಮುಖ ಊದಿಸಿಕೊಂಡ ಕನ್ನಡಿಗರು ಊರಿಗೆ ಬಂದಾಗ ಮಾವನ್ನು ಸಿಪ್ಪೆಸಹಿತ ಕಚ್ಚದಿರುವುದು ಒಳ್ಳೆಯದು. ಈ ಅಲರ್ಜಿಗಳಲ್ಲಿ ಗುಳ್ಳೆ ಒಡೆದ ನೀರು ಹರಿದಲ್ಲೆಲ್ಲ ಹೊಸ ಗುಳ್ಳೆ ಏಳುತ್ತದೆ ಎಂಬ ಭಯ ಬೇಡ. ಸೊನೆ ಹೆಚ್ಚು ತಾಗಿದಲ್ಲಿ ಬೇಗ, ಕಡಿಮೆ ತಾಗಿದಲ್ಲಿ ತಡವಾಗಿ ಏಳುವುದರಿಂದ ಹರಡಿದಂತೆ ಕಾಣುತ್ತದೆ ಅಷ್ಟೆ. ಆದರೆ ಉಗುರಿನಡಿ, ಬಟ್ಟೆಗೆ, ಕತ್ತಿಯ ಹಿಡಿಗೆ ಮೆತ್ತಿದ ಸೊನೆ ಹರಡಬಲ್ಲದು. ಸೋಪು ಹಾಕಿ ತೊಳೆಯಬೇಕು.

ತುರಿಗಿಂತ ಉರಿಯೇ ಹೆಚ್ಚಾಗಿ, ಬೆಳಗ್ಗೆ ಎದ್ದಾಗ ಕೆನ್ನೆಯ ಮೇಲೋ ಕಣ್ಣಿನ ಪಕ್ಕವೋ ಬರೆ ಎಳೆದಂತೆ ಕೆಂಪು ಗೆರೆ ಮೂಡಿ, ಅದರ ನಡುವೆ ಕೀವಿನಂಥ ಸಣ್ಣ ಗುಳ್ಳೆಗಳಿದ್ದರೆ ಅದು ಪೀಡರಸ್ ಎಂಬ ಕೀಟದ ಕೆಲಸ. ಹುಳ ಹರಿದಿದೆ ಎಂಬ ಅಜ್ಜಿಯ ಮಾತು ಇಲ್ಲಿ ಮುಕ್ಕಾಲು ನಿಜ. ಒಂದು ಸೆಂಟಿಮೀಟರಿಗೂ ಚಿಕ್ಕದಾದ, ಕಪ್ಪು ಕಿತ್ತಳೆ ಪಟ್ಟೆಗಳ, ಬಾಲದ ತುದಿ ಮೇಲೆತ್ತಿ ಓಡುವ ಈ ಹುಳ ಕಚ್ಚುವುದೂ ಇಲ್ಲ, ಚುಚ್ಚುವುದೂ ಇಲ್ಲ. ಮಳೆಗಾಲದ ರಾತ್ರಿ ಟ್ಯೂಬ್‌ಲೈಟಿನ ಬೆಳಕಿಗೆ ಬಂದು ಮೈಮೇಲೆ ಬೀಳುತ್ತದೆ, ನಿದ್ದೆಗಣ್ಣಿನಲ್ಲಿ ನಾವು ಅದನ್ನು ಹೊಸಕಿಬಿಡುತ್ತೇವೆ. ಅದರ ದೇಹದ್ರವದಲ್ಲಿರುವ ಪೀಡರಿನ್ ಎಂಬ ವಿಷ ಚರ್ಮವನ್ನು ಸುಡುತ್ತದೆ. ಆ ವಿಷವನ್ನು ತಯಾರಿಸುವುದು ಹುಳುವಲ್ಲ, ಅದರೊಳಗೆ ಬಾಳುವ ಬ್ಯಾಕ್ಟೀರಿಯಾ. ಹೊಸಕಿದ ಕೈಯಲ್ಲೇ ಕಣ್ಣುಜ್ಜಿದರೆ ಕಣ್ಣು ಊದಿಕೊಳ್ಳುತ್ತದೆ. ಆಫ್ರಿಕದಲ್ಲಿ ಇದಕ್ಕೆ ನೈರೋಬಿ ಕಣ್ಣು ಎಂದೇ ಹೆಸರು. ಗದ್ದೆ ಬಯಲಿನ ಪಕ್ಕದ ಹಾಸ್ಟೆಲುಗಳಲ್ಲಿ ಒಂದೇ ವಾರ ಹಲವರಿಗೆ ಕಾಣಿಸಿಕೊಂಡು ಸಾಂಕ್ರಾಮಿಕವೆಂಬ ಗಾಬರಿ ಹಬ್ಬುವುದುಂಟು. ಒಬ್ಬರಿಂದೊಬ್ಬರಿಗೆ ಇದು ಅಂಟದು. ಮೈಮೇಲೆ ಕಂಡರೆ ಊದಿ ಹಾರಿಸಬೇಕು, ಹೊಸಕಿದ್ದೇ ಆದರೆ ತಕ್ಷಣ ಸೋಪು ನೀರಿನಲ್ಲಿ ತೊಳೆಯಬೇಕು. ಒಂದೆರಡು ವಾರದಲ್ಲಿ ಮಾಯುತ್ತದೆ, ಕಪ್ಪು ಕಲೆ ಇನ್ನಷ್ಟು ದಿನ ಉಳಿಯುತ್ತದೆ. ಭತ್ತದ ಕೀಟಗಳನ್ನು ತಿಂದು ರೈತನಿಗೆ ನೆರವಾಗುವ ಹುಳುವಿದು. ಕೊಲ್ಲಲು ಔಷಧಿ ಸಿಂಪಡಿಸುವುದಕ್ಕಿಂತ ಕಿಟಕಿಗೆ ಜಾಲರಿ, ಹಾಸಿಗೆಗೆ ಸೊಳ್ಳೆಪರದೆ ಹಾಕುವುದು ಲೇಸು.

ಈಗ ಕಾಯಲಾಗದ ಕಾಯಿಲೆಗಳಿಗೆ ಬರುತ್ತೇನೆ. ಹಣೆ, ರೆಪ್ಪೆ, ಮೂಗು, ಎಲ್ಲವೂ ಒಂದೇ ಪಕ್ಕದಲ್ಲಿ. ಗುಳ್ಳೆಗೆ ಎರಡು ಮೂರು ದಿನ ಮೊದಲೇ ಅಲ್ಲಿ ಚುಚ್ಚುವ, ಸುಡುವ ನೋವು. ಗುಳ್ಳೆಗಳು ಗೊಂಚಲು ಗೊಂಚಲಾಗಿ ಎದ್ದು ಮುಖದ ನಡುಗೆರೆಗೆ ಬಂದು ನಿಂತುಬಿಟ್ಟಿವೆ. ಇದು ಸರ್ಪಸುತ್ತು. ಬಾಲ್ಯದಲ್ಲಿ ಸೀತಾಳೆ ಸಿಡುಬು ತಂದ ವೈರಸ್ಸೇ ನರಗಳ ಬುಡದಲ್ಲಿ ದಶಕಗಟ್ಟಲೆ ಅಡಗಿದ್ದು, ವಯಸ್ಸಾಗಿಯೋ ಸಕ್ಕರೆ ಕಾಯಿಲೆ, ಕ್ಯಾನ್ಸರ್ ಚಿಕಿತ್ಸೆಗಳಿಂದಲೋ ದೇಹ ಸೋತಾಗ ಒಂದು ನರದ ಜಾಡು ಹಿಡಿದು ಹೊರಬರುತ್ತದೆ. ನಮ್ಮಲ್ಲಿ ಇದಕ್ಕೆ ಕೆಮ್ಮಣ್ಣು ಬಳಿಯುತ್ತಾರೆ, ಮಂತ್ರ ಹಾಕಿಸುತ್ತಾರೆ, ಸರ್ಪದ ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯ ಎಂದು ಹೆದರುತ್ತಾರೆ. ವೈರಸ್ ಸಾಮಾನ್ಯವಾಗಿ ಒಂದು ಪಕ್ಕದ ನರಕ್ಕೆ ಸೀಮಿತವಾಗಿರುವುದರಿಂದ ಸುತ್ತು ಪೂರ್ತಿಯಾಗುವುದೇ ಅಪರೂಪ. ಮಂತ್ರದಿಂದ ಹಾನಿಯಿಲ್ಲ ಎನ್ನುವವರಿಗೆ ನಾನು ಒಂದೇ ಮಾತು ಹೇಳಬಯಸುತ್ತೇನೆ: ಆಸೈಕ್ಲೊವಿರ್, ವ್ಯಾಲಸೈಕ್ಲೊವಿರ್‌ನಂಥ ಮಾತ್ರೆಗಳು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತವೆ, ಮಂತ್ರಕ್ಕೆಂದು ಕಾದ ಮಂಗಳವಾರ ಆ ಗಂಟೆಗಳನ್ನು ನುಂಗಿಹಾಕುತ್ತದೆ. ಮೂಗಿನ ತುದಿಯಲ್ಲಿ ಅಥವಾ ಪಕ್ಕದಲ್ಲಿ ಗುಳ್ಳೆ ಇದ್ದರೆ ಕಣ್ಣಿಗೆ ಅಪಾಯ ಹೆಚ್ಚು ಎಂಬುದನ್ನು 19ನೇ ಶತಮಾನದಲ್ಲೇ ಲಂಡನ್ನಿನ ಜೊನಾಥನ್ ಹಚಿನ್ಸನ್ ಗುರುತಿಸಿದ್ದರು. ಮೂಗಿನ ತುದಿಗೂ ಕಣ್ಣುಗುಡ್ಡೆಗೂ ಹೋಗುವುದು ಒಂದೇ ನರದ ಕವಲು. ಅಂಥವರು ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು. ಕಿವಿಯೊಳಗೆ ಗುಳ್ಳೆ ಎದ್ದು ಬಾಯಿ ಸೊಟ್ಟಗಾಗುತ್ತಿದ್ದರೂ ಅಷ್ಟೇ ಅವಸರ. ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ಉಳಿಯುವ ನರದ ನೋವು ಮುದುಕರ ನಿದ್ದೆಯನ್ನೇ ಕಸಿಯುತ್ತದೆ. 50 ದಾಟಿದವರಿಗೆ ಈಗ ಇದರ ಲಸಿಕೆ ನಮ್ಮ ದೇಶದಲ್ಲೂ ಸಿಗುತ್ತದೆ, ಬೆಲೆ ಮಾತ್ರ ಎಲ್ಲರ ಕೈಗೆಟಕುವಂಥದ್ದಲ್ಲ.

ಜ್ವರ ಬಂದಾಗ ತುಟಿಯಂಚಿನಲ್ಲಿ ಏಳುವ ಗುಳ್ಳೆ ಹರ್ಪಿಸ್ ಸಿಂಪ್ಲೆಕ್ಸ್ ಎಂಬ ಬೇರೆ ವೈರಸ್ಸಿನದು, ವಾರದಲ್ಲಿ ಹೋಗುತ್ತದೆ. ಎಳವೆಯಿಂದ ಒಣ ತುರಿಕಜ್ಜಿ ಇರುವ ಮಗುವಿಗೆ ಅದೇ ವೈರಸ್ ತಗುಲಿದರೆ ಕಥೆಯೇ ಬೇರೆ. ಕಜ್ಜಿಯ ಮೇಲೆ ಒಂದೇ ಅಳತೆಯ ಗುಳ್ಳೆಗಳು ಹಬ್ಬಿ, ಒಡೆದು ಕುಳಿ ಬೀಳುತ್ತವೆ, ಮಗು ಜ್ವರದಿಂದ ಸೊರಗುತ್ತದೆ. ಇದು ಆಸ್ಪತ್ರೆಗೆ ಓಡಬೇಕಾದ ಸ್ಥಿತಿ. ತುಟಿಗೆ ಗುಳ್ಳೆ ಎದ್ದಿರುವ ದೊಡ್ಡವರು ಮಕ್ಕಳಿಗೆ, ಅದರಲ್ಲೂ ಎಳೆಗೂಸುಗಳಿಗೆ, ಮುತ್ತಿಡಬಾರದು. ಮೂಗು ಬಾಯಿಯ ಸುತ್ತ ಜೇನಿನ ಬಣ್ಣದ ಹಕ್ಕಳೆ ಕಟ್ಟುವುದು ಬ್ಯಾಕ್ಟೀರಿಯಾದ ಕಜ್ಜಿ. ಒಂದು ಟವೆಲ್ಲಿನಿಂದ ಇಡೀ ಮನೆಗೆ ಅಂಟುತ್ತದೆ, ಕೆಲವು ಮಕ್ಕಳಲ್ಲಿ ವಾರಗಳ ಬಳಿಕ ಮೂತ್ರಪಿಂಡಕ್ಕೂ ಬಾಧೆ ತರುತ್ತದೆ. ಕಜ್ಜಿ ಮಾಸಿದ ಮೇಲೆ ಮಗುವಿನ ಮುಖ ಬಾತುಕೊಂಡರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಮತ್ತೆ ವೈದ್ಯರಲ್ಲಿಗೆ ಹೋಗಬೇಕು.

ಮಾತ್ರೆಯಿಂದ ಬರುವ ಗುಳ್ಳೆ ಎಲ್ಲಕ್ಕಿಂತ ಭೀಕರ. ಆಲ್ಬರ್ಟ್ ಸ್ಟೀವನ್ಸ್, ಫ್ರಾಂಕ್ ಜಾನ್ಸನ್ ಎಂಬ ಅಮೆರಿಕದ ಮಕ್ಕಳ ವೈದ್ಯರು 1922ರಲ್ಲಿ ವರ್ಣಿಸಿದ ಈ ಸ್ಥಿತಿಯಲ್ಲಿ ಮೊದಲು ಜ್ವರ, ಕಣ್ಣುರಿ, ಗಂಟಲುನೋವು. ಆಮೇಲೆ ತುಟಿ, ಬಾಯಿ, ಕಣ್ಣು, ಗುಪ್ತಾಂಗಗಳಲ್ಲಿ ಹುಣ್ಣು. ಚರ್ಮ ಮುಟ್ಟಿದರೆ ನೋಯುತ್ತದೆ, ಹಾಳೆಯ ಹಾಗೆ ಸುಲಿಯುತ್ತದೆ. ಫಿಟ್ಸಿಗೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೋಟ್ರಿಜಿನ್, ಯೂರಿಕ್ ಆಮ್ಲಕ್ಕೆ ಕೊಡುವ ಅಲೋಪ್ಯೂರಿನಾಲ್, ಸಲ್ಫಾ ಮಾತ್ರೆಗಳು ಮುಖ್ಯ ಕಾರಣಗಳು. ಹೆಚ್ಚಾಗಿ ಮಾತ್ರೆ ಶುರುಮಾಡಿದ ಎಂಟು ವಾರಗಳೊಳಗೆ ಕಾಣಿಸಿಕೊಳ್ಳುತ್ತದೆ. ಇಂಥ ಲಕ್ಷಣ ಕಂಡರೆ ಮುಂದಿನ ಮಾತ್ರೆ ನುಂಗದೆ, ಚೀಟಿ ಸಮೇತ ನೇರ ದೊಡ್ಡಾಸ್ಪತ್ರೆಗೆ ಹೋಗಬೇಕು, ಮುಲಾಮಿನಲ್ಲಿ ಕಾಲ ಕಳೆಯಬಾರದು. ಬಾಯಲ್ಲಿ ಮಾಯದ ಹುಣ್ಣು ಎದ್ದು, ತಿಂಗಳುಗಳ ಬಳಿಕ ಮುಖ, ನೆತ್ತಿ, ಎದೆಯಲ್ಲಿ ಸಡಿಲ ಗುಳ್ಳೆ ಏಳುವುದು ಪೆಂಫಿಗಸ್. ಸ್ಟೀರಾಯ್ಡ್ ಬರುವ ಮೊದಲು ಇದು ಬಹುತೇಕ ಸಾವಿನ ತೀರ್ಪಾಗಿತ್ತು. ದೆಹಲಿಯ ಏಮ್ಸ್‌ನಲ್ಲಿ ಡಾ. ಜೆ. ಎಸ್. ಪಸ್ರೀಚ 1980ರ ದಶಕದಲ್ಲಿ ರೂಪಿಸಿದ, ತಿಂಗಳಿಗೊಮ್ಮೆ ಡ್ರಿಪ್ಪಿನಲ್ಲಿ ಔಷಧಿ ಕೊಡುವ ಪದ್ಧತಿ ನಮ್ಮ ದೇಶದ ಸಾವಿರಾರು ಬಡ ರೋಗಿಗಳನ್ನು ಉಳಿಸಿದೆ.

ಇಷ್ಟು ವೈವಿಧ್ಯದ ಎದುರು ಆ ಟ್ಯೂಬನ್ನು ಇಟ್ಟು ನೋಡಿ. ನಮ್ಮ ಅಂಗಡಿಗಳಲ್ಲಿ ಕೇಳಿದ ಕೂಡಲೇ ಸಿಗುವುದು ಹೆಚ್ಚಾಗಿ ಬಲವಾದ ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯೋಟಿಕ್ ಮೂರೂ ಬೆರೆಸಿದ ಮುಲಾಮು. ಹಚ್ಚಿದ ಎರಡು ದಿನಕ್ಕೆ ತುರಿಕೆ ನಿಲ್ಲುತ್ತದೆ, ನಂಬಿಕೆ ಹುಟ್ಟುತ್ತದೆ. ಕಾರಣ ಹುಳುಕಡ್ಡಿಯಾಗಿದ್ದರೆ ಸ್ಟೀರಾಯ್ಡಿನ ನೆರಳಿನಲ್ಲಿ ಶಿಲೀಂಧ್ರ ಹಾಯಾಗಿ ಹರಡಿ, ದುಂಡನೆಯ ಗುರುತನ್ನೂ ಕಳೆದುಕೊಂಡು ವೈದ್ಯರನ್ನೇ ದಾರಿತಪ್ಪಿಸುತ್ತದೆ. ಹರ್ಪಿಸ್ ಆಗಿದ್ದರೆ ವೈರಸ್ ಬೆಳೆಯುತ್ತದೆ. ಏನೂ ಇಲ್ಲದವರೂ ಬೆಳ್ಳಗಾಗಲೆಂದು ತಿಂಗಳುಗಟ್ಟಲೆ ಇದನ್ನೇ ಬಳಿದು ಚರ್ಮ ತೆಳುವಾಗಿ, ಕೆಂಪು ನರಗಳು ಎದ್ದು, ಮೊಡವೆ, ಕೂದಲು ಬೆಳೆದು, ಬಿಡಲು ಹೋದರೆ ಬೆಂಕಿ ಬಿದ್ದಂತೆ ಉರಿಯುವ ಸ್ಥಿತಿಗೆ ಬರುತ್ತಾರೆ. ಇದಕ್ಕೆ ಸ್ಟೀರಾಯ್ಡಿನಿಂದ ಕೆಟ್ಟ ಮುಖ ಎಂಬರ್ಥದ ಹೆಸರನ್ನು ವೈದ್ಯಶಾಸ್ತ್ರಕ್ಕೆ ಕೊಟ್ಟವರು ಭಾರತದ ಚರ್ಮತಜ್ಞರೇ. ಅವರ ಸಂಘದ ಹೋರಾಟದ ಫಲವಾಗಿ 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ನಿಯಮ ಬಂದು ವರ್ಷಗಳಾದರೂ ಕೌಂಟರಿನಲ್ಲಿ ಕೈಚಾಚಿದರೆ ಟ್ಯೂಬು ಈಗಲೂ ಸಿಗುತ್ತದೆ. ಇದರ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ.

ಹಾಗಾದರೆ ವೈದ್ಯರನ್ನು ಕಾಣುವವರೆಗೆ ಮಾಡಬೇಕಾದದ್ದೇನು? ಬಹಳ ಕಡಿಮೆ. ಮುಖಕ್ಕೆ ಹಚ್ಚುತ್ತಿದ್ದ ಎಲ್ಲವನ್ನೂ, ಹೊಸದು ಹಳೆಯದೆನ್ನದೆ, ನಿಲ್ಲಿಸಬೇಕು. ತಣ್ಣೀರಿನಿಂದ ಮೆಲ್ಲಗೆ ತೊಳೆದು, ಶುಭ್ರವಾದ ಹಳೆಯ ಪಂಚೆಯ ತುಂಡನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ ಹಿಂಡಿ, ಹತ್ತು ಹದಿನೈದು ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಸಲ ಇಟ್ಟರೆ ಸೊನೆ ಆರುತ್ತದೆ, ತುರಿಕೆ ತಗ್ಗುತ್ತದೆ. ಸೊನೆ ನಿಂತ ಮೇಲೆ ಸುವಾಸನೆಯಿಲ್ಲದ ಬಿಳಿ ವ್ಯಾಸಲೀನ್ ತೆಳ್ಳಗೆ ಸಾಕು. ಗುಳ್ಳೆಯನ್ನು ಸೂಜಿಯಿಂದ ಚುಚ್ಚಬಾರದು. ಟೂತ್‌ಪೇಸ್ಟ್, ಸುಣ್ಣ, ಬೆಳ್ಳುಳ್ಳಿ ರಸ, ಡೆಟಾಲ್ ಯಾವುದೂ ಬೇಡ. ನಿಂಬೆರಸವಂತೂ ಬಿಸಿಲು ತಾಗಿದಾಗ ತಾನೇ ಗುಳ್ಳೆ ಎಬ್ಬಿಸಬಲ್ಲದು. ಅರಿಸಿನ, ಬೇವು ನಮ್ಮ ಮನೆಮದ್ದುಗಳೆಂಬ ಪ್ರೀತಿ ನನಗೂ ಇದೆ. ಒಡೆದ ಚರ್ಮದ ಮೇಲೆ ಮಾತ್ರ ಅವೂ ಬೇಡ, ಅರಿಸಿನಕ್ಕೂ ಅಲರ್ಜಿ ಆಗುವವರಿದ್ದಾರೆ. ಗಾಯಕ್ಕೆಂದು ಮನೆಯಲ್ಲಿಟ್ಟ ನಿಯೋಮೈಸಿನ್ ಮುಲಾಮು ಸ್ವತಃ ಒಂದು ಹೆಸರಾಂತ ಅಲರ್ಜಿಕಾರಕ. ದಿನಕ್ಕೊಂದು ಫೋಟೋ ತೆಗೆದಿಟ್ಟುಕೊಳ್ಳಿ, ಒಳ್ಳೆಯ ಬೆಳಕಿನಲ್ಲಿ. ಕಂದು ಬಣ್ಣದ ನಮ್ಮ ಚರ್ಮದಲ್ಲಿ ಕೆಂಪು ಕೆಂಪಾಗಿಯೇ ಕಾಣದು, ಕಡುಕಂದು ಅಥವಾ ನೇರಳೆಯಾಗಿ ಕಾಣುತ್ತದೆ. ಬಿಳಿಯರ ಚರ್ಮದ ಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ನೋಡಿ ಹೋಲಿಸಿ, ಇದು ಅದಲ್ಲ ಎಂದು ನಿರಾಳವಾಗುವುದು ಅಪಾಯ.

ಅಲರ್ಜಿಯೆಂದು ಖಾತ್ರಿಯಾದರೆ ವೈದ್ಯರು ಮುಖಕ್ಕೆ ಸೌಮ್ಯವಾದ ಸ್ಟೀರಾಯ್ಡನ್ನು ಕೆಲವೇ ದಿನಕ್ಕೆ, ರೆಪ್ಪೆಗೆ ಟ್ಯಾಕ್ರೊಲಿಮಸ್‌ನಂಥ ಸ್ಟೀರಾಯ್ಡ್ ಅಲ್ಲದ ಮುಲಾಮನ್ನು ಕೊಡುತ್ತಾರೆ. ಮುಖವೆಲ್ಲ ಊದಿಕೊಂಡಾಗ ಸ್ಟೀರಾಯ್ಡ್ ಮಾತ್ರೆಯನ್ನು ಎರಡು ಮೂರು ವಾರ ಇಳಿಸುತ್ತಾ ಕೊಡಬೇಕಾಗುತ್ತದೆ. ಐದೇ ದಿನಕ್ಕೆ ಬಿಟ್ಟರೆ ಗುಳ್ಳೆ ಮರುಕಳಿಸುವುದುಂಟು, ಆದ್ದರಿಂದ ಸರಿಹೋಯಿತೆಂದು ನಡುವೆ ನಿಲ್ಲಿಸಬಾರದು. ಹಳೆಯ ಪಾರ್ಥೇನಿಯಂ ರೋಗಿಗಳಿಗೆ ಅಜಥಯೋಪ್ರಿನ್ ನಮ್ಮ ದೇಶದಲ್ಲಿ ಬಹಳ ಉಪಕಾರ ಮಾಡಿದೆ, ರಕ್ತ ಪರೀಕ್ಷೆಯ ಕಾವಲಿನಲ್ಲಿ ಮಾತ್ರ.

ಮರುಕಳಿಸುವ ಅಲರ್ಜಿಗೆ ಕಾರಣ ಹುಡುಕುವ ದಾರಿ ಪ್ಯಾಚ್ ಟೆಸ್ಟ್. 1895ರ ಸುಮಾರಿಗೆ ಜೋಸೆಫ್ ಯಾಡಸೋನ್ ತೋರಿಸಿಕೊಟ್ಟ ವಿಧಾನ ಇಂದಿಗೂ ಮೂಲದಲ್ಲಿ ಹಾಗೆಯೇ ಇದೆ. ಬೆನ್ನಿಗೆ ಪುಟ್ಟ ಬಟ್ಟಲುಗಳಲ್ಲಿ ಶಂಕಿತ ವಸ್ತುಗಳನ್ನು ಅಂಟಿಸಿ, 48 ಗಂಟೆಯ ಬಳಿಕ ತೆಗೆದು, ಮತ್ತೆ ಒಂದೆರಡು ದಿನ ಬಿಟ್ಟು ನೋಡುತ್ತಾರೆ. ಭಾರತದಲ್ಲಿ ಹೀಗೆ ಪರೀಕ್ಷಿಸುವ ವಸ್ತುಗಳ ಪಟ್ಟಿಯಲ್ಲಿ ಪಾರ್ಥೇನಿಯಂ, ಪಿಪಿಡಿ, ನಿಕ್ಕಲ್, ಸುವಾಸನೆಗಳು ಎಲ್ಲ ಸೇರಿವೆ. ಮೆಡಿಕಲ್ ಕಾಲೇಜುಗಳ ಚರ್ಮರೋಗ ವಿಭಾಗಗಳಲ್ಲಿ ವಿಚಾರಿಸಬಹುದು. ಗುಳ್ಳೆ ಕೆರಳಿರುವಾಗ ಮಾಡಿಸಬಾರದು, ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವಾಗ ಮಾಡಿಸಿದರೆ ಫಲಿತಾಂಶವನ್ನು ನಂಬಲಾಗದು, ಪರೀಕ್ಷೆ ನಡೆಯುವ ದಿನಗಳಲ್ಲಿ ಬೆನ್ನಿಗೆ ನೀರು ತಾಗಿಸುವಂತಿಲ್ಲ. ಹೋಗುವಾಗ ಮನೆಯಲ್ಲಿರುವ ಕ್ರೀಮು, ಕುಂಕುಮ, ಬಣ್ಣದ ಡಬ್ಬಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಹೊಲದ ಬದುವಿನಲ್ಲಿ ಬೆಳೆಯುವ ಗಿಡಗಳ ಫೋಟೋ ಜೊತೆಗಿರಲಿ. ಅಲರ್ಜಿಕಾರಕದ ಹೆಸರು ಸಿಕ್ಕರೆ ಅದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಚೀಟಿಯಲ್ಲಿ ಬರೆಸಿಕೊಂಡು ಪರ್ಸಿನಲ್ಲಿಡಿ. ಅಂಗಡಿಯಲ್ಲಿ ಡಬ್ಬದ ಹಿಂದಿನ ಸಣ್ಣಕ್ಷರ ಓದುವಾಗ, ಸಲೂನಿನಲ್ಲಿ ಬಣ್ಣ ಕಲಸುವ ಮೊದಲು, ಅದನ್ನು ತೆಗೆದು ತೋರಿಸಬಹುದು.